ಬಾಲದ ಪೆಟ್ಟಿಗೆಯ ಎಂಟು ಚೀಲ

ನಾನು ಬರೆದ ಎರಡು ನೋಟ್‌ಬುಕ್‌ಗಳಿವೆ. ಒಂದರಲ್ಲಿ, ಮಾರ್ಚ್ 28ರ ಪುಟದಲ್ಲಿ, ‘ಹ್ಯಾಂಗಾರ್‌ನಿಂದ ಅಕ್ಕಿ, 2 ಚೀಲ’ ಎಂದಿದೆ. ಇನ್ನೊಂದರಲ್ಲಿ, ಏಪ್ರಿಲ್ 5ರ ಪುಟದಲ್ಲಿ, ‘ಬಾಲದ ಭಾರ, 8 ಚೀಲ, ಸರಿ’ ಎಂದಿದೆ. ಎರಡೂ ನನ್ನದೇ ಅಕ್ಷರ. ಎರಡನೆಯದು ಸುಳ್ಳು.

ಬರೆದಿಡುವ ಅಭ್ಯಾಸ ಅಪ್ಪ ಹಚ್ಚಿದ್ದು. ಹನ್ನೊಂದನೇ ವಯಸ್ಸಿನಲ್ಲಿ ದಾವಣಗೆರೆಯಿಂದ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದಾಗ, ಕನ್ನಡ ಮರೆಯಬಾರದೆಂದು ದಿನಕ್ಕೊಂದು ಪುಟ ಬರೆಯಬೇಕೆಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಏನು ಬರೆಯಲಿ ಎಂದು ಕೇಳಿದರೆ, “ಏನೂ ತೋಚದಿದ್ರೆ ಏನಾದ್ರೂ ಎಣಿಸಿ ಬರಿ” ಅಂದರು. ಸ್ಕೂಲ್ ಬಸ್ಸಿನ ಕಿಟಕಿಗಳು, ಹಿಮ ಬಿದ್ದ ದಿನಗಳು, ತರಗತಿಯಲ್ಲಿ ನನ್ನ ಹೆಸರನ್ನು ತಪ್ಪಾಗಿ ಕರೆದ ಸಲಗಳು. ಈಗ ನನಗೆ ಇಪ್ಪತ್ತಾರು. ಯಂತ್ರದ ಬಿಡಿಭಾಗಗಳು ಅಳತೆಗೆ ಸರಿಯಾಗಿವೆಯೇ ಎಂದು ನೋಡಿ ಬರೆದುಕೊಳ್ಳುವುದೇ ನನ್ನ ಉದ್ಯೋಗ. ಅದಕ್ಕಾಗಿಯೇ ಎರಡು ವರ್ಷದ ಹಿಂದೆ, ಅಪ್ಪ ಅಮ್ಮನ ಮನೆಯಿಂದ ಮುನ್ನೂರು ಮೈಲಿ ದೂರದ ಹಾಫ್‌ಮನ್ ಎಸ್ಟೇಟ್ಸ್‌ಗೆ ಬಂದೆ.

ಅಲ್ಲಿ ಅಂಕಲ್ ಇದ್ದರು. ಅಪ್ಪನ ಜೊತೆ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು, ಬಾಗಲಕೋಟೆ ಕಡೆಯವರು. ಮೂವತ್ತು ವರ್ಷ ಇಂಜಿನ್‌ಗಳ ಕೆಲಸ ಮಾಡಿ ನಿವೃತ್ತರಾದವರು. ಏಳು ವರ್ಷದಿಂದ ಒಂದು ಪುಟ್ಟ ವಿಮಾನ ಕಟ್ಟುತ್ತಿದ್ದರು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ, ಜೊತೆಗೆ ಇಟ್ಟಿಗೆ ದಪ್ಪದ ಪುಸ್ತಕ. ನೋಡಿಕೊಂಡು ಜೋಡಿಸಬೇಕು. ಇಬ್ಬರು ಕೂರಬಹುದು, ರೆಕ್ಕೆ ಕೆಳಗೆ, ಮೂರು ಗಾಲಿ. ಮನೆಯ ಗ್ಯಾರೇಜ್ ತುಂಬಿದ ಮೇಲೆ, ಮೂವತ್ತೈದು ಮೈಲಿ ಪಶ್ಚಿಮಕ್ಕೆ, ಜೋಳದ ಹೊಲಗಳ ನಡುವಿನ ಸಣ್ಣ ಏರ್‌ಫೀಲ್ಡಿನಲ್ಲಿ ವಿಮಾನ ನಿಲ್ಲಿಸುವ ಒಂದು ಶೆಡ್ಡು, ಹ್ಯಾಂಗಾರ್, ಬಾಡಿಗೆಗೆ ಹಿಡಿದಿದ್ದರು. ನಾನು ಪ್ರತಿ ಶನಿವಾರ ಹೋಗುತ್ತಿದ್ದೆ. ಹಿಡಿದುಕೊಳ್ಳುವುದು, ಅಳೆಯುವುದು, ಬರೆದುಕೊಳ್ಳುವುದು ನನ್ನ ಪಾಲು.

“ಹಾರೂದ ಯಾವಾಗ್ರೀ ಅದು?” ಎಂದು ಆಂಟಿ ಕೇಳುತ್ತಲೇ ಇರುತ್ತಿದ್ದರು. “ಅದು ಹಾರೂ ಹೊತ್ತಿಗೆ ನನ್ನ ಮೊಣಕಾಲು ಮೆಟ್ಟಲಾ ಹತ್ತಂಗಿಲ್ಲ.”

“ಅದಕ್ಕ ರೆಕ್ಕಿ ಕೆಳಗ ಇಟ್ಟೀನಲ. ಒಂದ ಹೆಜ್ಜಿ, ಒಳಗ ಕುಂತಿ.”

ಈ ವರ್ಷದ ಬೇಸಿಗೆಗೆ ಹಾರಿಸಬೇಕೆಂಬುದು ಅಂಕಲ್ ಆಸೆ. ಅಷ್ಟರೊಳಗೆ ಬ್ರೇಕ್ ನೋಡಬೇಕಿತ್ತು, ವರ್ಷಗಟ್ಟಲೆ ನಿಂತಲ್ಲೇ ನಿಂತು ಅಡಿಭಾಗ ಚಪ್ಪಟೆಯಾದ ಟೈರುಗಳನ್ನು ಬದಲಿಸಬೇಕಿತ್ತು. ಅದಕ್ಕೆ ಮೂರೂ ಗಾಲಿ ನೆಲ ಬಿಡಬೇಕು. ವಿಮಾನ ಎತ್ತುವ ಜಾಕ್‌ಗಳು ಕೊಳ್ಳಲು ಸಿಗುತ್ತವೆ ಎಂದು ನಾನು ಹೇಳಿ ನೋಡಿದೆ.

“ಕಟ್ಟಿದಾಂವ ನಾ, ಎತ್ತಾಂವ ಅಂಗಡ್ಯಾಂವೇನ?” ಅಂದರು.

ಹೀಗೆ ಫೆಬ್ರವರಿಯ ನಾಲ್ಕು ಶನಿವಾರ ಜಾಕ್ ಮಾಡುವುದರಲ್ಲಿ ಹೋಯಿತು. ಮೊದಲ ಶನಿವಾರ ಹೊರಗೆ 11 ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗೆ. ಗ್ಯಾಸ್ ಹೀಟರ್ ಹಚ್ಚಿದರೂ ಪೆನ್ ಬರೆಯುತ್ತಿರಲಿಲ್ಲ. ಅಂದಿನ ಪುಟ ಪೆನ್ಸಿಲ್‌ನಲ್ಲಿದೆ.

ಜಾಕ್ ಎರಡು, ರೆಕ್ಕೆಗೊಂದು. ಒಳಗಿರುವುದು ಲಾರಿಯವರು ಸೀಟಿನಡಿ ಇಟ್ಟುಕೊಳ್ಳುವಂಥ ಬಾಟಲ್ ಜಾಕ್. ಹಿಡಿ ಒತ್ತಿದಷ್ಟೂ ಎಣ್ಣೆಯ ಬಲದಿಂದ ಅದರ ದಂಡ ಮೇಲೇಳುತ್ತದೆ. ಆದರೆ ಅದು ಕುಳ್ಳು, ರೆಕ್ಕೆಗೆ ಮುಟ್ಟುವುದಿಲ್ಲ. ಹಾಗಾಗಿ ಅಂಕಲ್ ತಮ್ಮ ಮನೆ ಹಿಂದಿನ ಹಳೆಯ ಮರದ ಜಗಲಿ ಕಿತ್ತಾಗ ಉಳಿಸಿಟ್ಟಿದ್ದ ಮರ ತಂದು, ಜಾಕ್‌ನ ಸುತ್ತ ಒಂದು ಗೋಪುರ ಕಟ್ಟಿದರು: ಕೆಳಗೆ ಪ್ಲೈವುಡ್ ಚೌಕ, ಒಳಕ್ಕೆ ವಾಲಿದ ನಾಲ್ಕು ಕಾಲು, ಮೇಲೆ ದಪ್ಪ ಹಲಗೆ. ಹಲಗೆಯ ನಡುವೆ ತೂತು, ತೂತಿನಲ್ಲಿ ಏರಿಳಿಯುವ ಕಬ್ಬಿಣದ ಪೈಪು. ಜಾಕ್ ಪೈಪನ್ನು ತಳ್ಳಬೇಕು, ಪೈಪು ರೆಕ್ಕೆಯನ್ನು ಎತ್ತಬೇಕು. ಎಣ್ಣೆ ಸೋರಿದರೂ ಕೆಳಗೆ ಕುಸಿಯದಂತೆ ಪೈಪಿಗೆ ಇಂಚಿಗೊಂದು ತೂತು ಕೊರೆದು, ಎತ್ತಿದ ಮೇಲೆ ಅಡ್ಡ ಒಂದು ಕಬ್ಬಿಣದ ಕಡ್ಡಿ ತೂರಿಸಬೇಕು. ಪೈಪಿಗೆ ಹತ್ತರಂತೆ ಇಪ್ಪತ್ತು ತೂತು. ನಾನು ಗುರುತು ಹಾಕಿದೆ, ಅವರು ಕೊರೆದರು.

“ಎಷ್ಟಾತು?”

“ಹದಿನಾಲ್ಕು.”

“ಬರಕೋ. ಆಮ್ಯಾಲ ಹದಿನೈದು ಅಂತ ಜಗಳಾ ತಗೀಬ್ಯಾಡ.”

ಎಲ್ಲಕ್ಕಿಂತ ಮುಖ್ಯವಾದದ್ದು ಪೈಪಿನ ತಲೆಯ ಬಟ್ಟಲು. ರೆಕ್ಕೆಯ ಅಡಿಯಲ್ಲಿ, ಗಾಳಿಗೆ ವಿಮಾನ ಹೋಗದಂತೆ ಹಗ್ಗ ಕಟ್ಟುವ ಕೊಕ್ಕೆಯ ಜಾಗವಿದೆ. ಆ ಕೊಕ್ಕೆ ತೆಗೆದು ದುಂಡು ತಲೆಯ ಬೋಲ್ಟ್ ತಿರುಗಿಸಿ ಕೂರಿಸಿದರೆ, ಆ ದುಂಡು ತಲೆ ಬಟ್ಟಲಿನೊಳಗೆ ಬಂದು ಕೂರಬೇಕು. ಅಷ್ಟೇ ಹಿಡಿತ. ಗ್ಯಾರೇಜಿನ ಸಣ್ಣ ಲೇತ್ ಯಂತ್ರದಲ್ಲಿ ಅಂಕಲ್ ಎರಡು ಬಟ್ಟಲು ಕಡೆದರು. ಅರವತ್ತೈದು ದಾಟಿದವರು, ಸಣ್ಣ ಕೆಲಸದಲ್ಲಿ ಬಲಗೈ ಕೊಂಚ ನಡುಗುತ್ತಿತ್ತು. ನಡುಗಿದಾಗ ನಿಲ್ಲಿಸಿ, ಕೈಯನ್ನು ಎದೆಗೆ ಒತ್ತಿ ಹಿಡಿದು, ಮತ್ತೆ ಶುರು ಮಾಡುತ್ತಿದ್ದರು. ನಾನು ಅಳೆದೆ. ಆಳ ಅರ್ಧ ಇಂಚು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗೆಂದು ಬರೆದೂ ಇದ್ದೇನೆ.

ಮೊದಲ ಪರೀಕ್ಷೆ ಆಂಟಿಯ ವ್ಯಾನಿನ ಮೇಲೆ ನಡೆಯಿತು. ಮನೆಯ ಮುಂದೆ, ಹಿಂದಿನ ಎರಡು ಗಾಲಿ ಎತ್ತಿ ಅರ್ಧ ಗಂಟೆ ನಿಲ್ಲಿಸಿದೆವು.

“ನನ್ನ ಗಾಡಿ ಏನ ಇಲಿ ಐತೇನ್ರೀ, ಪರೀಕ್ಷಾ ಮಾಡಾಕ?” ಆಂಟಿ ಬಾಗಿಲಲ್ಲಿ ನಿಂತು ಕೇಳಿದರು. “ಬಿದ್ದರ ನಾಳೆ ಲೆಮಾಂಟ್ ಗುಡಿಗೆ ಹೆಂಗ ಹೋಗ್ಲಿ?”

“ವಿಮಾನದಾಗ ಹೋಗೂಣು.”

“ಹಂಗಾರ ಹೋದ ಹಂಗ!”

ವ್ಯಾನ್ ಬೀಳಲಿಲ್ಲ.

ವ್ಯಾನಿಗೂ ವಿಮಾನಕ್ಕೂ ಒಂದು ವ್ಯತ್ಯಾಸವಿದೆ. ವಿಮಾನದ ಇಂಜಿನ್ ಮೂಗಿನಲ್ಲಿದೆ. ರೆಕ್ಕೆಗಳನ್ನು ಎತ್ತಿ ಮುಂದಿನ ಗಾಲಿಯೂ ನೆಲ ಬಿಡಬೇಕೆಂದರೆ, ಬಾಲಕ್ಕೆ ಭಾರ ಕಟ್ಟಿ ಕೆಳಗೆಳೆಯಬೇಕು. ಇಲ್ಲವಾದರೆ ಮೂಗು ಬೀಳುತ್ತದೆ. ಮೂಗಿನ ಮೇಲೆ ಯಾರಾದರೂ ಕೈ ಊರಿದರೂ ಬಾಗದಂತೆ ಕನಿಷ್ಠ ನೂರ ನಲವತ್ತು ಪೌಂಡ್ ಬೇಕೆಂದು ಅಂಕಲ್ ಲೆಕ್ಕ ಹಾಕಿದರು. ಅದೇ ಹೊತ್ತಿಗೆ ಆಂಟಿ, ನಮ್ಮ ಕನ್ನಡದವರ ಹಬ್ಬದೂಟಗಳಿಗೆಂದು ಒಟ್ಟಿಗೆ ತರಿಸಿದ್ದ ಅಕ್ಕಿ ಗ್ಯಾರೇಜಿನಲ್ಲಿ ಹಿಡಿಸುತ್ತಿಲ್ಲ ಎಂದು ಗೊಣಗುತ್ತಿದ್ದರು. ಯುಗಾದಿ ಊಟಕ್ಕೆ ಹನ್ನೆರಡು ಚೀಲ ಮನೆಯಲ್ಲಿ ಉಳಿದವು. ಬಸವ ಜಯಂತಿ ಊಟಕ್ಕೆಂದು ಎತ್ತಿಟ್ಟಿದ್ದ ಇಪ್ಪತ್ತು ಪೌಂಡಿನ ಎಂಟು ಚೀಲ ಹ್ಯಾಂಗಾರ್‌ಗೆ ಬಂದವು. ಇಲಿ ಹೋಗದ ಮುಚ್ಚಳದ ಪೆಟ್ಟಿಗೆಯಲ್ಲಿ ನಾನೇ ಅವನ್ನು ಜೋಡಿಸಿದೆ. ಪೆಟ್ಟಿಗೆಯನ್ನು ಬಾಲದ ಕೊಕ್ಕೆಗೆ ಬಿಗಿದೆವು. ನೂರ ಅರವತ್ತು ಪೌಂಡ್.

“ಬಸವಣ್ಣನ ಅಕ್ಕಿ ಬಾಲಾ ಹಿಡಕೊಂಡೈತಿ, ಇನ್ನ ಅಂಜಿಕಿಲ್ಲ” ಅಂದರು ಅಂಕಲ್.

ಮಾರ್ಚ್ 8, ಶನಿವಾರ, ವಿಮಾನ ಮೊದಲ ಸಲ ಎದ್ದಿತು. ಎಡಕ್ಕೆ ಇಪ್ಪತ್ತೆರಡು ಒತ್ತು, ಬಲಕ್ಕೆ ಇಪ್ಪತ್ತೆರಡು, ಎರಡೆರಡರಂತೆ ಸರದಿಯಲ್ಲಿ. ಮೂರೂ ಗಾಲಿ ಗಾಳಿಯಲ್ಲಿ. ಅಂಕಲ್ ಬಗ್ಗಿ ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ, ತಿರುಗುವುದನ್ನು ನೋಡುತ್ತ ಕೂತರು. ಒಂದೂವರೆ ಗಂಟೆ ಬ್ರೇಕ್ ನೋಡಿ ಇಳಿಸಿದೆವು. ಏನೂ ಅಲುಗಲಿಲ್ಲ.

ಯುಗಾದಿ ಊಟ ಲೆಮಾಂಟ್‌ನ ದೇವಸ್ಥಾನದಲ್ಲಿ, ಮಾರ್ಚ್ 29ಕ್ಕೆ. ಅಡುಗೆಮನೆಯ ಲೆಕ್ಕವೂ ನನ್ನದೇ. ಅದಕ್ಕೆ ಬೇರೆ ನೋಟ್‌ಬುಕ್. ಕೊನೆಯ ವಾರ ಬರುವವರ ಸಂಖ್ಯೆ ಏರಿತು. ಶುಕ್ರವಾರ ಮಧ್ಯಾಹ್ನ ಆಂಟಿ ಫೋನ್ ಮಾಡಿದರು. “ಎರಡ ಚೀಲ ಕಮ್ಮಿ ಬೀಳ್ತಾವ ತಂಗಿ, ಹ್ಯಾಂಗಾರ್‌ನಾಗಿಂದ ತಗೊಂಡ ಬಾ.” ಹೋದೆ, ಮುಚ್ಚಳ ತೆಗೆದೆ, ಎರಡು ಚೀಲ ಎತ್ತಿ ಕಾರಿಗೆ ಹಾಕಿದೆ. ಜಾಗ ತುಂಬಲು, ಹಿಮದಲ್ಲಿ ಜಾರದಿರಲೆಂದು ಇಲ್ಲಿನವರು ಪಿಕಪ್ ಟ್ರಕ್ಕಿನ ಹಿಂದೆ ಹಾಕಿಕೊಳ್ಳುವ ಮರಳಿನ ಚೀಲ ತಂದಿಡೋಣ ಎಂದುಕೊಂಡೆ. ದಾರಿಯಲ್ಲಿ ಅಂಗಡಿಗೆ ಹೋದರೆ ಅವು ಮುಗಿದಿದ್ದವು. ಮುಂದಿನ ವಾರ ನೋಡೋಣ ಅಂದುಕೊಂಡೆ. ಅಡುಗೆಯ ನೋಟ್‌ಬುಕ್‌ನಲ್ಲಿ ‘2 ಚೀಲ’ ಎಂದು ಬರೆದೆ. ಬರೆದ ಕೂಡಲೇ ಆ ವಿಷಯ ಮುಗಿಯಿತು ಅನ್ನಿಸಿತು. ನನಗೆ ಯಾವಾಗಲೂ ಹಾಗೆಯೇ, ಬರೆದಿಟ್ಟದ್ದು ಆಗಿಹೋದಂತೆ.

ಏಪ್ರಿಲ್ 4ರ ಶುಕ್ರವಾರ ಸಂಜೆ, ಮರುದಿನದ ಪುಟವನ್ನು ಮನೆಯಲ್ಲೇ ಬರೆದಿಟ್ಟೆ. ಹ್ಯಾಂಗಾರ್‌ನಲ್ಲಿ ಬರೆದರೆ ಗ್ರೀಸ್ ತಾಗಿ ಪುಟ ಕೊಳೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಬದಲಾಗದ ಸಾಲುಗಳನ್ನು ಹಿಂದಿನ ದಿನವೇ ತುಂಬಿಸಿಬಿಡುತ್ತಿದ್ದೆ. ನೆಲ ಸಮ, ಸರಿ. ಬೋಲ್ಟ್‌ಗಳು ಬಿಗಿ, ಸರಿ. ಬಾಲದ ಭಾರ, 8 ಚೀಲ, ಸರಿ.

ಶನಿವಾರ ಅಂಕಲ್ ಒಂದೊಂದೇ ಕೇಳಿದರು. ನೆಲ ಮತ್ತು ಬೋಲ್ಟ್‌ಗಳನ್ನು ನಾವಿಬ್ಬರೂ ಕಣ್ಣಾರೆ ನೋಡಿದೆವು.

“ಬಾಲ?”

ಪುಟ ನೋಡಿ ಹೇಳಿದೆ. “ಎಂಟು. ಸರಿ ಇದೆ ಅಂಕಲ್.”

ಪೆಟ್ಟಿಗೆ ನನ್ನಿಂದ ಹನ್ನೆರಡು ಅಡಿ ದೂರದಲ್ಲಿತ್ತು.

ವಿಮಾನ ಎದ್ದಿತು. ಕಡ್ಡಿ ತೂರಿಸಿದೆವು. ರೆಕ್ಕೆಯ ಕೆಳಗಿನ ಗಾಲಿಗಳ ಟೈರು ಬದಲಾದವು. ಕೊನೆಗೆ ಮುಂದಿನ ಗಾಲಿ. ಅಂಕಲ್ ನೆಲದ ಮೇಲೆ ಕೂತು ಅದನ್ನೂ ಮುಗಿಸಿದರು. ಏಳಲು ಆಸರೆಗೆಂದು ಮೂಗಿನ ಮೇಲೆ ಕೈ ಊರಿದರು. ಮೂಗು ಬಾಗಿತು. ನಾನು ಎಡ ರೆಕ್ಕೆಯ ಹತ್ತಿರ ಇದ್ದೆ. ದುಂಡು ಬೋಲ್ಟ್ ಬಟ್ಟಲಿನಿಂದ ಜಾರಿ ಹೊರಬಂದದ್ದನ್ನು ಕಂಡೆ, ಆಮೇಲೆ ಶಬ್ದ. ಖಾಲಿ ಎಣ್ಣೆ ಡಬ್ಬಕ್ಕೆ ಕೊಡಲಿ ಹೊಡೆದಂಥ ಶಬ್ದ. ಜಾಕ್‌ನ ತಲೆ ರೆಕ್ಕೆಯ ತಗಡನ್ನು ಹರಿದು ಒಳಗೆ ಹೋಗಿತ್ತು. ಅಂಕಲ್ ಹಿಂದಕ್ಕೆ ಬಿದ್ದಿದ್ದರು. ಮೊಣಕೈ ತರಚಿತ್ತು.

ಅವರು ಮೊದಲು ಕೇಳಿದ್ದು, “ತಂಗೀ, ನಿನಗೇನ ಆಗಿಲ್ಲಲಾ?”

ಅವರು ಮೊಣಕೈ ತೊಳೆಯಲು ಹೊರಗಿನ ನಲ್ಲಿಗೆ ಹೋದಾಗ ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಆರು. ನೂರ ಇಪ್ಪತ್ತು ಪೌಂಡ್. ಮುಚ್ಚಿದೆ. ಅವರು ಬಂದ ಕೂಡಲೇ ಹೇಳಬೇಕೆಂದಿದ್ದೆ. ಅವರು ಬಂದವರೇ ಬಗ್ಗಿ, ಹರಿದ ತಗಡಿನಿಂದ ಜಾಕ್ ಬಿಡಿಸಿ, ಬಟ್ಟಲಿನೊಳಗೆ ಹೆಬ್ಬೆರಳಿಟ್ಟು ನೋಡಿದರು.

“ಆಳ ಸಾಲಲಿಲ್ಲ. ಮುಕ್ಕಾಲು ಇಂಚ ಇರಬೇಕಿತ್ತು. ಕೈ ನಡಗತೈತಿ ಅಂತ ಬೇಗ ಬಿಟ್ಟಬಿಟ್ಟೆ.”

ನಾನು ಸುಮ್ಮನಿದ್ದೆ. ಅದು ಮೊದಲನೆಯ ದಿನ.

ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಅಂಕಲ್ ಎರಡೂ ಜಾಕ್‌ಗಳ ಮರದ ಕಾಲುಗಳನ್ನು ಗರಗಸದಿಂದ ತುಂಡರಿಸಿದ್ದರು. ಬಟ್ಟಲುಗಳು ಗುಜರಿ ಬಕೆಟ್‌ನಲ್ಲಿದ್ದವು. ರೆಕ್ಕೆಯ ತಗಡಿಗೆ ತೇಪೆ ಹಾಕಿ ಮೂವತ್ತನಾಲ್ಕು ರಿವೆಟ್ ಹೊಡೆಯಬೇಕಿತ್ತು. ಏಳು ವರ್ಷ ಸಾವಿರಾರು ರಿವೆಟ್ ಹೊಡೆದವರು, ಪಕ್ಕದ ಹ್ಯಾಂಗಾರ್‌ನ ಅಮೆರಿಕನ್ ಮುದುಕನನ್ನು ಕರೆದು ರಿವೆಟ್ ಹೊಡೆಯುವ ಗನ್ ಅವನ ಕೈಗೆ ಕೊಟ್ಟರು. ತಾವು ಟಾರ್ಚ್ ಹಿಡಿದು ನಿಂತರು. ನಾನು ಎಣಿಸಿದೆ. ಮೂವತ್ತನಾಲ್ಕೂ ಸರಿಯಾಗಿದ್ದವು.

ತಪ್ಪೊಪ್ಪಿಗೆಯ ಮಾತುಗಳನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ, ಮೂರು ಸಲ ತಿದ್ದಿ. ರಂಧ್ರ ಮುಚ್ಚಿತಲ್ಲ, ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದೂ ಬರೆದಿದ್ದೇನೆ. ಅದನ್ನು ಓದಿದರೆ ಈಗ ಮುಖ ಬಿಸಿಯಾಗುತ್ತದೆ.

ಮೇ 3ರಂದು, ಬಸವ ಜಯಂತಿ ಊಟದ ಹಿಂದಿನ ದಿನ, ಉಳಿದ ಅಕ್ಕಿ ತರಲು ನಾವಿಬ್ಬರೂ ಹ್ಯಾಂಗಾರ್‌ಗೆ ಹೋದೆವು. ಆಂಟಿ ಸ್ಪೀಕರ್ ಫೋನಿನಲ್ಲಿದ್ದರು.

“ಆರ ಚೀಲ ಇರಬೇಕ ನೋಡ್ರಿ.”

ಅಂಕಲ್ ಒಂದೊಂದೇ ಚೀಲ ಎತ್ತಿ ನನ್ನ ಕೈಗೆ ಕೊಟ್ಟರು. “ಹೂಂ, ಆರ ಅದಾವ” ಅಂದರು. ಆ ಸಂಖ್ಯೆ ಅವರ ಬಾಯಿಂದಲೇ ಬಂತು. ನಾನು ಚೀಲ ಅಪ್ಪಿಕೊಂಡು ನಿಂತಿದ್ದೆ. ಈಗ ತಿಳಿಯುತ್ತದೆ, ಈಗ ತಿರುಗಿ ನೋಡುತ್ತಾರೆ ಎಂದು ಕಾದೆ. ಅವರು ಪೆಟ್ಟಿಗೆ ಕೊಡವಿ, ಒಳಗೆ ಉಳಿದಿದ್ದ ನಾಲ್ಕು ಅಕ್ಕಿ ಕಾಳು ಆರಿಸಿ ಹೊರಗೆ ಹಕ್ಕಿಗೆ ಹಾಕಿ, “ನಡಿ” ಅಂದರು. ತಮ್ಮ ಕೈಯದೇ ತಪ್ಪು ಎಂದು ಆಗಲೇ ತೀರ್ಮಾನಿಸಿದವರು ಬೇರೆ ಕಡೆ ಏಕೆ ನೋಡುತ್ತಾರೆ? ಮರುದಿನದ ಊಟದಲ್ಲಿ ಅನ್ನ ಬಡಿಸುವ ಸರದಿ ನನ್ನದಿತ್ತು. ಅವರ ತಟ್ಟೆಗೆ ಬಡಿಸುವಾಗ ಅವರ ಮುಖ ನೋಡಲಾಗಲಿಲ್ಲ.

ಮುಂದಿನ ವಾರ, ಮೇ 10, ಶನಿವಾರ, ಅಮ್ಮಂದಿರ ದಿನಕ್ಕೆಂದು ಫಾರ್ಮಿಂಗ್ಟನ್ ಹಿಲ್ಸ್‌ಗೆ ಹೋದೆ. ರೊಟ್ಟಿ ಮುರಿಯುತ್ತ ಅಪ್ಪ ಹೇಳಿದರು:

“ಅವನು ವಿಮಾನ ಮಾರ್ತಾನಂತೆ, ಗೊತ್ತಾ? ಒಹಾಯೋದಿಂದ ಯಾರೋ ಮುಂದಿನ ಶನಿವಾರ ಬರ್ತಾರಂತೆ.”

“ಯಾಕಂತೆ?”

“ಕೈ ಮೇಲೆ ನಂಬಿಕೆ ಹೋಯ್ತು ಅಂತಾನೆ. ನಡುಕಕ್ಕೆ ಡಾಕ್ಟರ್ ಹತ್ರಾನೂ ಹೋಗಿದ್ದಾನೆ, ಏನೇನೋ ಟೆಸ್ಟು. ಏನೂ ಇಲ್ಲ, ವಯಸ್ಸು ಅಂದರಂತೆ. ಇವನು ಒಪ್ಪೋದಿಲ್ಲ. ಹಾಸ್ಟೆಲ್‌ನಲ್ಲಿ ಇಡೀ ಬ್ಲಾಕಿನ ರೇಡಿಯೋ ರಿಪೇರಿ ಮಾಡ್ತಿದ್ದ ಕಣೇ. ಈಗ ‘ಹುಡುಗಿ ರೆಕ್ಕಿ ಕೆಳಗ ನಿಂತಿದ್ದಳು, ನನ್ನ ಬಟ್ಟಲಾ ಆಕಿನ್ನ ಕೊಲ್ತಿತ್ತು’ ಅಂತ ಹೇಳಿದ್ದನ್ನೇ ಹೇಳ್ತಾನೆ.”

ಅಮ್ಮ ಪಲ್ಯ ಬಡಿಸಲು ಬಂದರು. ಬೇಡ ಅಂದೆ.

ಭಾನುವಾರ ಬೆಳಿಗ್ಗೆ ಅಮ್ಮನ ಕಾಲು ಮುಟ್ಟಿ, ಒಂಬತ್ತಕ್ಕೆ ಹೊರಟೆ. ಮುನ್ನೂರು ಮೈಲಿ. ದಾರಿಯಲ್ಲಿ ಒಂದು ಗಂಟೆ ಹಿಂದಕ್ಕೆ ಸಿಗುತ್ತದೆ. ಫೋನಿನ ಗಡಿಯಾರ ತಾನಾಗಿ ಬದಲಾಗುತ್ತದೆ. ಒಂದೂಕಾಲಿಗೆ ಅಂಕಲ್ ಮನೆಯ ಮುಂದಿದ್ದೆ. ಗ್ಯಾರೇಜ್ ಬಾಗಿಲು ತೆರೆದಿತ್ತು. ಅವರು ಜೋಡಣೆಯ ಪುಸ್ತಕಗಳನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದರು, ಕೊಳ್ಳುವವನಿಗೆ ಕೊಡಲು.

ಬರೆದು ತಿದ್ದಿದ ಮಾತು ಒಂದೂ ನೆನಪಾಗಲಿಲ್ಲ. ಎರಡೂ ನೋಟ್‌ಬುಕ್ ತೆರೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. “ಬಟ್ಟಲಲ್ಲ ಅಂಕಲ್. ಬಾಲದಲ್ಲಿ ಆರೇ ಚೀಲ ಇತ್ತು. ಎರಡು ನಾನು ತಗೊಂಡಿದ್ದೆ. ನೋಡದೇ ಎಂಟು ಅಂದೆ.”

ಅವರು ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದರು. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದರು.

“ನೂರಾ ಇಪ್ಪತ್ತು” ಅಂದರು. ಆಮೇಲೆ, “ನಿನಗ ಯಾವಾಗ ಗೊತ್ತಾತು?”

“ಅವತ್ತೇ. ನೀವು ಕೈ ತೊಳೆಯೋಕೆ ಹೋದಾಗ.”

“ಎಷ್ಟ ದಿನಾ ಆತು ಈಗ?”

“ಮೂವತ್ತಾರು.”

ಥಟ್ಟನೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಅದನ್ನೂ ಎಣಿಸಿ ಇಟ್ಟೀಯಲ್ಲ” ಅಂದರು. ದನಿ ಏರಿಸಲಿಲ್ಲ. “ರೆಕ್ಕಿ ಹರದಿದ್ದಕ್ಕ ನಾ ಏನೂ ಅನ್ನಂಗಿಲ್ಲ. ತಗಡು ಅದು. ಈ ಕೈ ನೋಡು. ಚಾದ ಕಪ್ ಹಿಡಿಬೇಕಾದರೂ ಇದನ್ನ ನೋಡಕೋತ ಕುಂದರ್ತೀನಿ. ಹಚ್ಚಿದ ವಾಯರು, ಬಿಗಿದ ನಟ್ಟು, ಏಳ ವರ್ಷ ಮಾಡಿದ್ದೆಲ್ಲಾ ಸರಿ ಐತೋ ಇಲ್ಲೋ ಅಂತ ಹಾಸಿಗ್ಯಾಗ ಒಂದೊಂದ ಬಿಚ್ಚಿ ನೋಡೀನಿ. ಆಕಿ ಮೂರು ಸೋಮವಾರ ಉಪವಾಸ ಮಾಡ್ಯಾಳ, ನನ್ನ ಟೆಸ್ಟ್ ಚಲೋ ಬರಲಿ ಅಂತ.”

ಒಳಬಾಗಿಲಲ್ಲಿ ಆಂಟಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು.

“ಎರಡ ಚೀಲ ತಾ ಅಂದಾಕಿ ನಾನಲಾ” ಅಂದರು ಮೆಲ್ಲಗೆ.

“ನಿನ್ನದೇನ ತಪ್ಪಿಲ್ಲ. ನೀ ಒಳಗ ನಡಿ.” ನನ್ನ ಕಡೆ ತಿರುಗಿ, “ನೀ ಮನೀಗೆ ಹೋಗವಾ” ಅಂದರು.

ಹೋಗುವ ಮುನ್ನ ಒಂದು ಕೆಲಸ ಮಾಡಿದೆ. ಹ್ಯಾಂಗಾರ್‌ನಿಂದ ಅವರು ಹೊತ್ತು ತಂದಿದ್ದ ಗುಜರಿ ಬಕೆಟ್ ಗ್ಯಾರೇಜ್ ಮೂಲೆಯಲ್ಲೇ ಇತ್ತು. ಕೈ ಹಾಕಿ ಹುಡುಕಿ, ಎರಡು ಬಟ್ಟಲುಗಳನ್ನು ತೆಗೆದು ನೋಟ್‌ಬುಕ್‌ಗಳ ಪಕ್ಕ ಇಟ್ಟೆ. ನೋಟ್‌ಬುಕ್‌ಗಳನ್ನೂ ಬಿಟ್ಟು ಬಂದೆ.

ಹನ್ನೆರಡು ದಿನ ಏನೂ ಸುದ್ದಿಯಿಲ್ಲ. ಒಹಾಯೋದವನಿಗೆ ಬರಬೇಡ ಎಂದರಂತೆ ಎಂದು ಅಪ್ಪನಿಂದ ತಿಳಿಯಿತು. ಯಾಕೆಂದು ಅಪ್ಪನಿಗೆ ಅವರು ಹೇಳಿರಲಿಲ್ಲ. ನಾನೇ ಹೇಳಿದೆ. ಅಪ್ಪ, “ಬರೆಯೋದು ಕಲಿಸಿದವನು ನಾನೇ ಅಲ್ವಾ” ಅಂದು ಫೋನ್ ಇಟ್ಟರು. ಹದಿಮೂರನೇ ದಿನ, ಶನಿವಾರ ಬೆಳಿಗ್ಗೆ, ಅಂಕಲ್‌ದು ಒಂದೇ ಸಾಲಿನ ಮೆಸೇಜ್: “ಅಳತಿ ಟೇಪ್ ತಗೊಂಡು ಬಾ.”

ಹೊಸ ಮರ, ಹೊಸ ಎಂಟು ಕಾಲು. ಬಟ್ಟಲು ಅವೇ, ಅರ್ಧ ಇಂಚಿನವೇ. ಕೊರೆಯುವಾಗ ಅವರ ಕೈ ನಡುಗಿದರೆ ಎದೆಗೆ ಒತ್ತಿ ಹಿಡಿದು, ಮತ್ತೆ ಶುರು ಮಾಡುತ್ತಿದ್ದರು. ತಮಾಷೆ ಮಾತು ಇರಲಿಲ್ಲ. ಎಷ್ಟಾಯಿತು ಎಂದು ನನ್ನನ್ನು ಕೇಳುವುದೂ ಇರಲಿಲ್ಲ. ತಾವೇ ಬಾಯಲ್ಲಿ ಎಣಿಸುತ್ತಿದ್ದರು. ನನ್ನ ನೋಟ್‌ಬುಕ್ ಹ್ಯಾಂಗಾರ್‌ನ ಕಪಾಟಿನ ಮೇಲಿತ್ತು. ಏಪ್ರಿಲ್ 5ರ ಸಾಲನ್ನು ಯಾರೂ ಹೊಡೆದುಹಾಕಿರಲಿಲ್ಲ.

ಜೂನ್ 14ಕ್ಕೆ ಮತ್ತೆ ಎತ್ತಿದೆವು. ಈಗ ಪೆಟ್ಟಿಗೆಯಲ್ಲಿ ಮರಳಿನ ಚೀಲಗಳು, ಇಪ್ಪತ್ತು ಪೌಂಡಿನಂತೆ ಹೊಲಿದವು. ಎತ್ತುವ ಮುಂಚೆ ಅಂಕಲ್ ಬಾಲದ ಹತ್ತಿರ ಹೋಗಿ ತಾವೇ ಮುಚ್ಚಳ ತೆಗೆದು, ಪ್ರತಿ ಚೀಲದ ಮೇಲೆ ಅಂಗೈಯಿಟ್ಟು ಎಣಿಸಿದರು. “ಒಂದು, ಎರಡು, ಮೂರು...” ಎಂಟಕ್ಕೆ ನಿಲ್ಲಿಸಿ, ಮುಚ್ಚಳ ಮುಚ್ಚದೆ ಹಿಂದೆ ಸರಿದು ನಿಂತರು.

“ಬರಕೋ” ಅಂದರು.

ಪೆನ್ನಿನ ಮುಚ್ಚಳ ತೆಗೆದಿದ್ದೆ. ಮತ್ತೆ ಹಾಕಿದೆ. ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಮೊದಲ ಚೀಲದ ಮೇಲೆ ಕೈಯಿಟ್ಟೆ. ಅವರು ಅವಸರ ಮಾಡಲಿಲ್ಲ.